ಬಿಲ್ಲೆ ಇಲ್ಲದೆ ಕೊಡಬಾರದು

25 ನವೆಂಬರ್ 2025, ಮಂಗಳವಾರ, ರಾತ್ರಿ 1.40
ವರ್ಷಾಳ ವಾಯ್ಸ್ ನೋಟ್, ಅಕ್ಕ ಉಜ್ವಲಾಗೆ

…ಮತ್ತ ಆ ಮೂರನೇ ನಳ ಇನ್ನೂ ಸೋರಾಕತ್ತದ ಅಕ್ಕಾ. ಎಂಟು ದಿನದಿಂದ ಹೇಳಾಕತ್ತೀನಿ. ದಿಗಂಬರ ಸೇಠ ಏನಂತಾನ ಗೊತ್ತದ? ‘ಬಕೆಟ್ ಇಡು.’ ಇಟ್ಟೆ. ತುಂಬತು. ‘ಖಾಲಿ ಮಾಡು.’ ಇದಕ್ಕ ಮ್ಯಾನೇಜರ್ ಬೇಕೇನು? ನೆಲಾ ವರಸಿ ವರಸಿ ನನ್ನ ಸೊಂಟ ಹೋತು. ಅದರಾಗ ನನ್ನ ಚಪ್ಪಲಿ ಬ್ಯಾರೆ ಹೋದವು. ಶನಿವಾರದಿಂದ ಆಯೆಷಾನ ಬೂಟು ಹಾಕ್ಕೊಂಡು ತಿರಗಾಕತ್ತೀನಿ, ಆಕಿ ಕಾಲಂದ್ರ ಎರಡು ದೋಣಿ ಅದಾವ. ಆಯೆಷಾ ಅಂದ್ರ ನಮ್ಮ ಫಂಕ್ಷನ್ ಹಾಲಿನ ಗೇಟ್‌ನಾಗ ನಿಂದರೋ ಸೆಕ್ಯುರಿಟಿ, ಹೇಳಿದ್ದೆನಲ್ಲ, ಹೈದರಾಬಾದಿನಾಕಿ.

ಆ ಸದ್ದಾ? ಅದು… ಬ್ಯಾಂಡು. ಲಗ್ನದ ಮಂದಿ. ಫಂಕ್ಷನ್ ಹಾಲ್ ಅಂದ ಮ್ಯಾಲ ಸದ್ದು ಇರಂಗಿಲ್ಲೇನು.

ಒಂದು ಕೆಲಸ ಅದ ಅಕ್ಕಾ. ಅವ್ವನ ಹತ್ರ ಹಳೇ ಅಲ್ಯೂಮಿನಿಯಂ ಬಿಲ್ಲೆ ಅದಾವಲ್ಲ, ನಂಬರ ಹೊಡದಿದ್ದು, ಹಿಟ್ಟಿನ ಡಬ್ಬಿನಾಗ ಇಟ್ಟಾಳ. ಒಂದ ನಂಬರಿನವು ಎರಡೆರಡು. ಅವು ನಂಗ ಬೇಕು. ಯಾಕ ಅಂತ ಕೇಳಬ್ಯಾಡ. ಅಂದ್ರ, ಕೇಳು, ಹಾಲಿಗೆ ಬೇಕು. ಜಲ್ದಿ ಬೇಕು. ಶನಿವಾರದೊಳಗ.

ನಿದ್ದಿ ಬರವಲ್ದು. ಹೋಗ್ಲಿ ಬಿಡು.

27 ನವೆಂಬರ್, ಗುರುವಾರ
ಉಜ್ವಲಾ

ವರ್ಷಿ,

ನಿನ್ನ ದನಿ ಎರಡು ಸಲ ಕೇಳಿದೆ. ನಾನು ಮಾತ್ರ ಬರೆದೇ ಉತ್ತರಿಸುವುದು. ಬಸವಕಲ್ಯಾಣದ ತಹಶೀಲ್ ಕಚೇರಿಯ ಎದುರು ಕೂತು ದಿನವಿಡೀ ಊರವರ ಅರ್ಜಿ ಟೈಪ್ ಮಾಡುವವಳ ಬೆರಳಿಗೆ ಇದೇ ಭಾಷೆ ಬರುತ್ತದೆ. ‘ಮಾನ್ಯರೇ’ ಎಂದು ಶುರುಮಾಡಲಿಲ್ಲವಲ್ಲ, ಅಷ್ಟಕ್ಕೇ ಸಂತೋಷಪಡು.

ಇವತ್ತು ಮಾಣಿಕನಗರದ ಗುಡಿಗೆ ಹೋಗಿದ್ದೆ. ಗುರುವಾರ ಅವ್ವನ ಚಪ್ಪಲಿ ಸ್ಟ್ಯಾಂಡಿಗೆ ಎರಡು ಕೈ ಸಾಲವು. ಬಿಲ್ಲೆಯ ವಿಷಯ ಹೇಳಿದೆ. ಜನರ ಚಪ್ಪಲಿ ಸಾಲಾಗಿ ಇಡುತ್ತಲೇ ಕೇಳಿದಳು: “ಲಗ್ನದ ಹಾಲಿನಾಗ ಬಿಲ್ಲೆ ಯಾಕ ಬೇಕಂತ?” ನನಗೂ ಗೊತ್ತಿಲ್ಲ ಎಂದೆ. ಆಮೇಲೆ ಡಬ್ಬಿ ತೆಗೆದು, ಒಂದೊಂದನ್ನೂ ಸೆರಗಿನಿಂದ ಒರೆಸಿ, ಜೋಡಿ ಜೋಡಿ ಪೋಣಿಸಿ ಕೊಟ್ಟಳು.

“ಕೊಡೋದಕ್ಕಿಂತ ಮೊದಲ ನೆನಪ ಮಾಡಿ ಕೊಡು ಆಕಿಗೆ. ಬಿಲ್ಲೆ ಇಲ್ದ ಯಾರಿಗೂ ಕೊಡಬ್ಯಾಡ ಅನ್ನು. ಗಂಡ ಬಂದು ಇವು ನನ್ನ ಹೆಂಡ್ತೀವು ಅಂದ್ರೂ ಕೊಡಬ್ಯಾಡ. ಒಂದ ಮನಿಯವರು ಬಂದ್ರ ಅಷ್ಟೂ ಜೋಡಿ ಒಂದ ದಾರದಾಗ ಕಟ್ಟು, ಕೂಡಿ ಬಂದವು ಕೂಡೇ ಹೋಗಬೇಕು. ಮತ್ತ ಬಿಟ್ಟು ಹೋದವು ಒಗೀಬ್ಯಾಡ, ಕೇಳಿ ಬರೋತನಾ ಇಡಬೇಕು.”

ನಾಳೆ ಸೈಫುದ್ದೀನ್ ಮಾಮಾ ಓಡಿಸುವ ಕ್ರೂಸರ್ ಜೀಪಿನಲ್ಲಿ ಪೊಟ್ಟಣ ಹುಮನಾಬಾದಿನಿಂದ ಹೊರಡುತ್ತದೆ. ಗಡಿ ದಾಟಿ ಜಹೀರಾಬಾದಿನ ಕಡೆ ಹೋಗುವಾಗ ಹೈವೇಯಲ್ಲಿ ನಿನ್ನ ಕೈಗೇ ಕೊಡುತ್ತಾನೆ. ಶೇಂಗಾ ಚಟ್ನಿಯೂ ಇದೆ, ಆಯೆಷಾಗೂ ಕೊಡು.

ಎರಡು ಸಣ್ಣ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಬ್ಯಾಂಡು ಬಾರಿಸುವುದು ಯಾವ ಊರಿನ ಲಗ್ನ? ಮತ್ತೆ, ದೀಪಾವಳಿಗೆ ಅವ್ವ ಕೊಟ್ಟ ಹೊಸ ಹವಾಯಿ ಚಪ್ಪಲಿ ಹೋದದ್ದು ಹೇಗೆ? ಮನೆಯವರ ಚಪ್ಪಲಿ ಜನರ ಚಪ್ಪಲಿಗಳಲ್ಲಿ ಬೆರೆಯಬಾರದೆಂದು ಅಡಿಯಲ್ಲಿ ಕೆಂಪು ಉಗುರುಬಣ್ಣದ ಮೂರು ಚುಕ್ಕಿ ಬೇರೆ ಇಟ್ಟಿದ್ದಳು.

1 ಡಿಸೆಂಬರ್, ಸೋಮವಾರ, ರಾತ್ರಿ 2.25
ವರ್ಷಾ

ಅಕ್ಕಾ! ನಡದದ! ಬಿಲ್ಲೆ ನಡದದ!

ಚಪ್ಪಲಿಗಲ್ಲ ಅಕ್ಕಾ, ಗ್ಲಾಸಿಗೆ. ಕೇಳು. ಹೆಣ್ಮಕ್ಕಳು ವಾಶ್‌ರೂಮಿಗೆ ಬರ್ತಾರ. ಕೈಯಾಗಿನ ಗ್ಲಾಸು ಎಲ್ಲಿ ಇಡಬೇಕು? ಟೇಬಲ್ ಮ್ಯಾಲ ಬಿಟ್ಟು ಬರ್ತಾರ. ಬಿಟ್ಟ ಗ್ಲಾಸಿನಾಗ ಯಾರ ಏನ ಹಾಕ್ತಾರ ಯಾರಿಗೆ ಗೊತ್ತು? ನಾ ಕನ್ನಡಿ ಬಾಜೂಕ ಹಲಗಿ ಹೊಡಸೀನಿ. ಗ್ಲಾಸು ತರ್ರಿ, ಇಲ್ಲಿ ಇಡ್ರಿ ಅಂತೀನಿ. ಮ್ಯಾಲ ಸ್ಟೀಲ್ ತಟ್ಟಿ ಮುಚ್ಚತೀನಿ, ತಟ್ಟಿ ಮ್ಯಾಲ ಒಂದು ಬಿಲ್ಲೆ, ಆಕಿ ಕೈಯಾಗ ಒಂದು ಬಿಲ್ಲೆ. ಹೊಂಟಾಗ ಬಿಲ್ಲೆ ತೋರಿಸು, ಗ್ಲಾಸು ತಗೊ. ಮದಲ ನಕ್ಕರು. ‘ಅಕ್ಕಾ, ಇದೇನು ಗುಡಿಯೇನು?’ ಅಂದರು. ಎರಡನೇ ಸಲ ತಾವ ಬಂದು ಕೈ ಚಾಚಿದರು.

ಗ್ಲಾಸಂದ್ರ ಶರಬತ್ ಗ್ಲಾಸು ಅಕ್ಕಾ. ಲಗ್ನದಾಗ ಕೊಡತಾರಲ್ಲ.

ದಿಗಂಬರ ಸೇಠ ಬಂದು ನೋಡಿದ. ‘ಏ ವರ್ಷಾ, ಇದನ್ನ ನೋಡಿದವರು ನಮ್ಮ ಜಾಗಾ ಖರಾಬ್ ಅದ ಅಂತಾರ’ ಅಂದ. ನಾ ಅಂದೆ, ‘ಗುಡಿ ಮುಂದ ಚಪ್ಪಲಿ ಕಾಯತಾರ ಅಂತ ಯಾರೂ ಅದಕ್ಕ ಕಳ್ಳರ ಗುಡಿ ಅನ್ನಂಗಿಲ್ಲ ಸೇಠ.’ ಆಯೆಷಾ ನಗಾಕತ್ತಳು. ‘ಅರೆ ಬಾಪ್ ರೇ, ಬಿದರ್ ಕೀ ಛೋಕರಿ ಬಾತಾಂ ಕ್ಯಾ ಮಾರ್ತಿ!’ ಬೀದರಿನ ಹುಡುಗಿ ಏನ್ ಮಾತಾಡ್ತಾಳ ಅಂತ. ಸೇಠ ಹದಿನೈದು ದಿನ ನೋಡ್ತೀನಿ ಅಂದಾನ.

ಅವ್ವಗ ಹೇಳು, ಆಕಿ ಮಾತಿನಂಗ ಮಾಡಾಕತ್ತೀನಿ ಅಂತ.

ಚಪ್ಪಲಿ… ಹರದು ಹೋದವು ಅಕ್ಕಾ. ಪಟ್ಟಿ ಕಿತ್ತು ಹೋತು. ಒಗದೆ.

6 ಡಿಸೆಂಬರ್, ಶನಿವಾರ
ಉಜ್ವಲಾ

ವರ್ಷಿ,

ನಿನ್ನ ಹಲಗೆಯ ಕಥೆ ಅವ್ವನಿಗೆ ಹೇಳಿದೆ. ಆ ಸಂಜೆ ಇಬ್ಬರಿಗೆ ಚಹಾ ತಾನೇ ತರಿಸಿದಳು.

ಇವತ್ತು ಬೇರೆ ಮಾತು ಬರೆಯಬೇಕು. ನಿನ್ನೆ ಮಧ್ಯಾಹ್ನ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಹೆಸರು ಮಲಿಕಾ. ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅಲ್ಲೇ ಅರ್ಜಿ ಬರೆಸಿದರೆ ಗುರುತಿನವರು ಓದುತ್ತಾರೆಂದು ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಾಳೆ.

ನವೆಂಬರ್ 22ರ ಶನಿವಾರ ಗೆಳತಿಯ ಹುಟ್ಟುಹಬ್ಬಕ್ಕೆಂದು ನಾಲ್ವರು ಹುಡುಗಿಯರು ಗಡಿಯಾಚೆ ಹೈವೇಯ ಒಂದು ರೆಸಾರ್ಟಿಗೆ ಹೋದರು. ಕುಡಿತ, ಹಾಡು, ಕುಣಿತ ಇರುವ ಜಾಗ. ಈಕೆ ಕುಡಿದದ್ದು ಒಂದೇ ಗ್ಲಾಸು. ಅದನ್ನು ಮುಗಿಸುವ ಮೊದಲು ವಾಶ್‌ರೂಮಿಗೆ ಹೋಗಿ ಬಂದಳು. ಉಳಿದದ್ದನ್ನು ಕುಡಿದ ಮೇಲೆ ಕಾಲು ತನ್ನವಲ್ಲ ಎನಿಸಿತಂತೆ. ಮತ್ತೆ ವಾಶ್‌ರೂಮಿಗೆ ಓಡಿದಳು. ಅಷ್ಟರಲ್ಲಿ ಯಾರೋ ಇಬ್ಬರು ‘ನಮ್ಮ ಹುಡುಗಿ’ ಎಂದು ಕರೆದೊಯ್ದು ಕಾರಿನಲ್ಲಿ ಕೂಡಿಸಿದರು. ಗಡಿಯ ಚೆಕ್‌ಪೋಸ್ಟಿನ ದೀಪ ಕಂಡಾಗ ಹೆದರಿ ರಸ್ತೆಯ ಬದಿಗೆ ಇಳಿಸಿ ಹೋದರು. ಬೆಳಗಿನ ಜಾವ ಧಾಬಾದ ಅಡುಗೆಯ ಹೆಂಗಸು ನೋಡಿ ಒಳಗೆ ಮಲಗಿಸಿದಳು. ನಡುವಿನ ಎರಡು ತಾಸು ಮಲಿಕಾಗೆ ನೆನಪಿಲ್ಲ. ಅರ್ಜಿಯಲ್ಲಿ ಹೇಗೆ ಬರೆಯಲಿ ಎಂದು ಕೇಳಿದೆ. “ನೆನಪಿಲ್ಲ ಅಂತನಾ ಬರೀರಿ ಅಕ್ಕಾ. ಸುಳ್ಳು ತುಂಬಬ್ಯಾಡ್ರಿ” ಎಂದಳು. ಹಾಗೇ ಬರೆದೆ.

ಈ ಕಡೆಯ ಠಾಣೆಯವರು ಅದು ಆ ಕಡೆ ನಡೆದದ್ದು ಎನ್ನುತ್ತಾರೆ. ಆ ಕಡೆಯವರು, ಹುಡುಗಿ ಸಿಕ್ಕದ್ದು ನಿಮ್ಮ ಕಡೆ ಎನ್ನುತ್ತಾರೆ. ದೂರನ್ನು ಯಾವ ಠಾಣೆಯಾದರೂ ತೆಗೆದುಕೊಳ್ಳಲೇಬೇಕು ಎಂಬ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಕೊಟ್ಟೆ. ಈಗ ತೆಗೆದುಕೊಂಡಿದ್ದಾರೆ. ಆದರೆ ಕಾರನ್ನು ನೋಡಿದವರು ಬೇಕು. ಗೆಳತಿಯರು ಕುಣಿಯುತ್ತಿದ್ದರು, ನೋಡಿಲ್ಲ.

ವಾಶ್‌ರೂಮಿನಲ್ಲಿ ಒಬ್ಬ ಕೆಲಸದ ಹುಡುಗಿ ಇದ್ದಳಂತೆ, ನಮ್ಮ ಕಡೆಯ ಮಾತಿನವಳು. “ನನ್ನ ಮುಖಾ ತೊಳದಳು. ಎತ್ತರದ ಹಿಮ್ಮಡದ ಸ್ಯಾಂಡಲ್ ಬಿಚ್ಚಿ ತನ್ನ ಚಪ್ಪಲಿ ತೊಡಿಸಿದಳು. ಆಮ್ಯಾಲ ನನ್ನ ಚೀಲ ಆಕಿನಾ ಅವರ ಕೈಯಾಗ ಕೊಟ್ಟಳು. ಒಳ್ಳೇಕೀನೋ ಕೆಟ್ಟಾಕೀನೋ ನಂಗ ತಿಳೀವಲ್ದು ಅಕ್ಕಾ” ಎಂದಳು.

ಆ ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ತಂದಿದ್ದಳು. ನೋಡಿದೆ.

ಆ ರಸ್ತೆ ನಿನ್ನ ಹಾಲಿನ ಹತ್ತಿರವೇ ಅಲ್ಲವೇ? ಅಂಥ ಹುಡುಗಿ ಯಾರಾದರೂ ಗೊತ್ತಿದ್ದರೆ ಕೇಳಿ ನೋಡು. ಸಾಕ್ಷಿಯ ಹೇಳಿಕೆಗೆ ಒಂದು ಹಾಳೆ ಟೈಪ್ ಮಾಡಿ, ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಊಟ ಸರಿಯಾಗಿ ಮಾಡು.

7 ಡಿಸೆಂಬರ್, ಭಾನುವಾರ, ರಾತ್ರಿ 3.05
ವರ್ಷಾ

ಅಕ್ಕಾ… ಓದ್ದೆ. ಈಗ ಮಂದಿ ಅದಾರ. ಆಮ್ಯಾಲ ಮಾತಾಡ್ತೀನಿ.

8 ಡಿಸೆಂಬರ್, ಸೋಮವಾರ, ರಾತ್ರಿ 2.15
ವರ್ಷಾ

*ಈ ಸಂದೇಶವನ್ನು ಅಳಿಸಲಾಗಿದೆ.*

10 ಡಿಸೆಂಬರ್, ಬುಧವಾರ, ರಾತ್ರಿ 1.50
ವರ್ಷಾ

*ಈ ಸಂದೇಶವನ್ನು ಅಳಿಸಲಾಗಿದೆ.*

11 ಡಿಸೆಂಬರ್, ಗುರುವಾರ
ಉಜ್ವಲಾ

ವರ್ಷಿ,

ನೀನು ಅಳಿಸಿದ್ದನ್ನು ನಾನು ಕೇಳಿಲ್ಲ. ಕೇಳಿದ್ದೇನೋ ಎಂದು ಹೆದರಬೇಡ.

ಇವತ್ತು ಅವ್ವನ ಸ್ಟ್ಯಾಂಡಿನಲ್ಲಿ ಒಂದು ಸಂಗತಿ ನಡೆಯಿತು. ಕಮಲಾಪುರದ ಕಡೆಯ ಒಬ್ಬ ಹೆಂಗಸು ಬಂದಳು. ಹಿಂದಿನ ವರ್ಷ ದರ್ಶನಕ್ಕೆ ಬಂದಾಗ ಗಂಡನ ಜೊತೆ ಜಗಳವಾಗಿ ಬರಿಗಾಲಲ್ಲೇ ಬಸ್ಸು ಹತ್ತಿದ್ದಳಂತೆ. ಬಿಲ್ಲೆ ಮಾತ್ರ ಇಟ್ಟುಕೊಂಡಿದ್ದಳು. ತೋರಿಸಲು ನಾಚಿ ಹತ್ತು ನಿಮಿಷ ಅತ್ತಿತ್ತ ಸುಳಿದಳು. ಅವ್ವ ಬಿಲ್ಲೆ ನೋಡಿದಳು, ಹಲಗೆಯ ಕೆಳಗಿನ ಚೀಲದಿಂದ ಜೋಡಿ ತೆಗೆದು ಧೂಳು ಕೊಡವಿದಳು. “ಬಂದಿಯಲ್ಲವಾ, ಸಾಕು” ಎಂದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲೇ ಇಲ್ಲ.

ಆ ಹೆಂಗಸು ಹೋದ ಮೇಲೂ ನಾನು ಅದನ್ನೇ ಯೋಚಿಸುತ್ತ ಕೂತಿದ್ದೆ. ನಿನಗೆ ಹೇಳಬೇಕೆನಿಸಿತು, ಅಷ್ಟೆ.

15 ಡಿಸೆಂಬರ್, ಸೋಮವಾರ, ರಾತ್ರಿ 2.10
ವರ್ಷಾ

ಈ ಸಲ ಅಳಸಂಗಿಲ್ಲ. ನಡಬರಕ ನಿಂತ್ರೂ ಕಳಸ್ತೀನಿ.

ಫಂಕ್ಷನ್ ಹಾಲ್ ಇಲ್ಲ ಅಕ್ಕಾ. ಆರು ತಿಂಗಳಿಂದ ಆ ರೆಸಾರ್ಟಿನಾಗ ಇದ್ದೀನಿ. ಲೇಡೀಸ್ ವಾಶ್‌ರೂಮ್ ನಂದು. ನಾಕು ವರ್ಷದಾಗ ಐದು ಕೆಲಸ ಬಿಟ್ಟೀನಿ ನಾ, ಔಷಧಿ ಕಾರ್ಖಾನಿ ಬ್ಯಾಸರ, ಸೀರಿ ಅಂಗಡಿ ಬ್ಯಾಸರ. ನಿಂತಲ್ಲಿ ನಿಂದರದಾಕಿ ಅಂತ ಅವ್ವ ಬೈತಿದ್ದಳಲ್ಲ. ಇಲ್ಲಿ ಮಾತ್ರ ಬ್ಯಾಸರ ಬರಲಿಲ್ಲ. ಹುಡುಗ್ಯಾರು ಬರ್ತಾರ, ಕನ್ನಡಿ ಮುಂದ ನಗತಾರ, ಅಳತಾರ, ಪಿನ್ನು ಕೇಳತಾರ, ತಮ್ಮ ಕಥಿ ಹೇಳತಾರ. ನಂಗ ಛಂದ ಅನಸ್ತದ. ದಾರೂ ಜಾಗಾ ಅಂತ ಹೇಳಿದ್ರ ಅವ್ವ ಏನಂದಾಳು ಅಂತ ಸುಳ್ಳು ಹೇಳಿದೆ.

ಆ ಹುಡುಗಿ… ಮಲಿಕಾ. ಹೆಸರು ನಂಗ ಗೊತ್ತಿರಲಿಲ್ಲ. ಗ್ವಾಡಿ ಹಿಡಕೊಂಡು ಬಂದಳು. ‘ಅಕ್ಕಾ, ಕಾಲು’ ಅಂದಳು. ಕೂಡಿಸಿದೆ, ಮುಖಾ ತೊಳದೆ, ಹಿಮ್ಮಡದ ಸ್ಯಾಂಡಲ್ ಬಿಚ್ಚಿದೆ, ನನ್ನವ ತೊಡಿಸಿದೆ. ಎಳೀಕೂಸಿನ ಕಾಲಿನಂಗ ಜೋಲಾಡತಿದ್ದವು. ಇಬ್ಬರು ಬಂದು ಬಾಗಲಾಗ ನಿಂತರು. ಇಸ್ತ್ರಿ ಅಂಗಿ, ನೆಟ್ಟಗ ಮಾತಾಡತಿದ್ದರು. ‘ನಮ್ಮ ಹುಡುಗಿ, ಜಾಸ್ತಿ ಆಗ್ಯದ, ಮನಿಗೆ ಬಿಡ್ತೀವಿ.’ ನಂಗ ಏನ್ ಅನಿಸಿತು ಗೊತ್ತದ? ಪಾಪ, ಇವರು ಎಷ್ಟು ಒಳ್ಳೇವರು ಅನಿಸಿತು. ಚೀಲ ನಾನಾ ಹೊತ್ತುಕೊಂಡು ಕಾರಿನತನಾ ಹೋದೆ. ಕಾರಿನ ಬಾಗಲಾ ನಾನಾ ಹಾಕಿದೆ ಅಕ್ಕಾ. ‘ಅರಾಮ ಹೋಗ್ರಿ’ ಅಂದೆ.

ಆಕಿ ಹೆಸರೇನು ಅಂತ ಅವರಿಗೆ ಒಂದು ಮಾತು ಕೇಳಲಿಲ್ಲ. ಆಕಿಗೂ ಕೇಳಲಿಲ್ಲ, ಇವರು ನಿನ್ನವರಾ ಅಂತ.

ಹತ್ತು ನಿಮಿಷಕ್ಕ ಆಕಿ ಗೆಳತ್ಯಾರು ಓಡಿ ಬಂದರು. ‘ನಮ್ಮ ಗೆಳತಿ ಎಲ್ಲಿ?’ ಆಯೆಷಾ ಬೈಕ್ ತಗೊಂಡು ಟೋಲ್‌ತನಾ ಹೋಗಿ ಬಂದಳು, ಸಿಗಲಿಲ್ಲ. ಮರುದಿನ ಸೈಫುದ್ದೀನ್ ಮಾಮಾ ಧಾಬಾದಾಗ ಒಂದು ಹುಡುಗಿ ಸಿಕ್ಕಾಳ, ಜೀವ ಅದ ಅಂದಾಗ ಗೇಟ್ ಹತ್ರನಾ ಕುಂತು ಅತ್ತೆ. ಅಷ್ಟ. ಮುಂದ ಹೋಗಿ ನಾ ನೋಡೀನಿ ಅನ್ನಲಿಲ್ಲ. ಕೆಲಸ ಹೋಗತದ, ಮನಿಗೆ ಗೊತ್ತಾಗತದ ಅಂತ ಸುಮ್ಮಕ ಕುಂತೆ.

ನಮ್ಮವ್ವ ಬಿಲ್ಲೆ ಇಲ್ದ ಒಂದು ಜೋಡಿ ಚಪ್ಪಲಿ ಕೊಡಂಗಿಲ್ಲ. ಆಕಿ ಮಗಳು ನಾ, ಒಂದು ಹುಡುಗೀನ ಕೊಟ್ಟುಬಿಟ್ಟೆ.

ಆಕಿ ಸ್ಯಾಂಡಲ್ ನನ್ನ ಹತ್ರ ಅದಾವ. ಒಗದಿಲ್ಲ. ದಿನಾ ಒರಸಿ ಇಡ್ತೀನಿ.

15 ಡಿಸೆಂಬರ್, ಸೋಮವಾರ, ಸಂಜೆ
ಉಜ್ವಲಾ

ವರ್ಷಿ, ನನ್ನ ಪುಟ್ಟಿ,

ಅಂಗಡಿಯ ಬಾಗಿಲು ಹಾಕಿ ಕೇಳಿದೆ. ಮೊದಲು ನನ್ನ ಸುಳ್ಳು ಹೇಳುತ್ತೇನೆ.

ಮಲಿಕಾ ಕವರು ಬಿಚ್ಚಿದಾಗ ಚಪ್ಪಲಿ ತಿರುಗಿಸಿ ನೋಡಿದೆ. ಅಡಿಯಲ್ಲಿ ಮೂರು ಕೆಂಪು ಚುಕ್ಕಿ. ಪಟ್ಟಿ ಕಿತ್ತಿರಲಿಲ್ಲ. ನನಗೆ ಆಗಲೇ ಗೊತ್ತಾಯಿತು. ಗೊತ್ತಿದ್ದೂ ‘ಯಾರಾದರೂ ಗೊತ್ತಿದ್ದರೆ ಕೇಳು’ ಎಂದು ಬರೆದೆ. ನಾನೇ ಹೆಸರು ಹೇಳಿ ನಿನ್ನನ್ನು ಠಾಣೆಗೆ ಎಳೆದರೆ, ಆ ಇಬ್ಬರಂತೆ ನಾನೂ ಒಬ್ಬ ಹುಡುಗಿಯನ್ನು ಅವಳನ್ನು ಕೇಳದೆ ಕರೆದೊಯ್ದ ಹಾಗಾಗುತ್ತಿತ್ತು. ನೀನಾಗಿ ಬರಲಿ ಎಂದು ಕಾದೆ. ಈ ಒಂಬತ್ತು ದಿನ ನನಗೂ ನಿದ್ದೆಯಿಲ್ಲ.

ಊಟಕ್ಕೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಅವ್ವನ ಬಳಿ ಹೋಗಿ ಎಲ್ಲ ಹೇಳಿದೆ. ಕೋಪ ಮಾಡುತ್ತಾಳೆಂದುಕೊಂಡಿದ್ದೆ. “ಲಗ್ನದ ಹಾಲಿನಾಗ ಕೆಲಸ ಮಾಡೋರ ಕೈ ಅರಿಶಿನ ನಾರತದ. ದೀಪಾವಳಿಗೆ ಬಂದಾಗ ಆಕಿ ಕೈ ಫಿನೈಲ್ ನಾರತಿತ್ತು. ನಂಗೇನು ಮೂಗಿಲ್ಲೇನು?” ಎಂದಳು. ದಾರೂ ಜಾಗ ಎಂದಾಗ, “ಅಲ್ಲಿನೂ ಹೆಣ್ಮಕ್ಕಳಾ ಬರತಾರಲ್ಲ. ಅಲ್ಲಿ ಕಾಯೋರೊಬ್ಬರು ಬ್ಯಾಡೇನು?” ಎಂದಳು. ಆಮೇಲೆ ಅತ್ತಳು. ನೀನು ಒಬ್ಬಳೇ ಅತ್ತೆ ಎಂಬುದಕ್ಕೆ ಅತ್ತಳು, ಬೇರೆ ಯಾವುದಕ್ಕೂ ಅಲ್ಲ.

ನೀನು ಬಂದು ನೋಡಿದ್ದನ್ನು ಹೇಳಿದರೆ ಮಲಿಕಾಳ ಅರ್ಜಿಗೆ ಕಾಲು ಬರುತ್ತದೆ. ಹೇಳದಿದ್ದರೂ ನೀನು ನನ್ನ ತಂಗಿಯೇ. ಆದರೆ ಅವಳಿಗೆ ನೀನು ಒಳ್ಳೆಯವಳೋ ಕೆಟ್ಟವಳೋ ಇನ್ನೂ ತಿಳಿದಿಲ್ಲ. ಅದನ್ನು ನಾನು ಟೈಪ್ ಮಾಡಿ ಕೊಡಲಾಗುವುದಿಲ್ಲ.

18 ಡಿಸೆಂಬರ್, ಗುರುವಾರ, ರಾತ್ರಿ 1.30
ವರ್ಷಾ

ಅಕ್ಕಾ, ಮದಲ ಇವತ್ತಿಂದು ಕೇಳು.

ಅವ್ವನ ದಾರದ ಮಾತು ನೆನಪಾಗಿ ಈ ವಾರ ಹೊಸಾದು ಮಾಡೀವಿ. ಹುಡುಗ್ಯಾರು ಕೂಡಿ ಬಂದ್ರ ಒಂದು ಬಿಲ್ಲೆ ಗೇಟ್‌ನಾಗ ಆಯೆಷಾನ ಹತ್ರ, ಅದರ ಜೋಡಿ ಅವರೊಳಗ ಒಬ್ಬಾಕಿ ಹತ್ರ. ಯಾರಾದ್ರೂ ಅರಾಮ ಇಲ್ದಾಕೀನ ಕರಕೊಂಡು ಹೊಂಟ್ರ ಬಿಲ್ಲೆ ತೋರಿಸಬೇಕು.

ಹನ್ನೊಂದರ ಹೊತ್ತಿಗೆ ಒಬ್ಬಾಂವ ಬಂದ. ಒಳಗ ಒಂದು ಹುಡುಗಿ ನೆಲಕ್ಕ ಕುಂತು ವಾಂತಿ ಮಾಡಾಕತ್ತಿದ್ದಳು, ನಾ ಆಕಿ ಕೂದಲಾ ಹಿಡದಿದ್ದೆ. ‘ನನ್ನ ತಂಗಿ, ಕಳಸು’ ಅಂದ. ಅದ ಮಾತು, ಅದ ಇಸ್ತ್ರಿ ಅಂಗಿ. ಅಂದೆ, ‘ಬಿಲ್ಲೆ ಎಲ್ಲದ್ರಿ?’ ಅಂವ ನಕ್ಕ. ‘ತಂಗೀಗೆ ಯಾರರ ಬಿಲ್ಲೆ ಕೊಡ್ತಾರೇನು?’ ‘ನಮ್ಮಲ್ಲಿ ಚಪ್ಪಲಿಗಿನೂ ಕೊಡ್ತೀವ್ರಿ. ಹೆಸರ ಹೇಳ್ರಿ ತಂಗೀದು.’ ಹೆಸರ ಹೇಳೋದು ಬಿಟ್ಟು ಒಳಗ ನುಗ್ಗಾಕ ಬಂದ. ಆಯೆಷಾ ಬಂದು ಬಾಗಲಿಗೆ ಅಡ್ಡ ನಿಂತಳು. ‘ಬಿಲ್ಲಾ ನಹೀಂ ತೋ ಬಾತ್ ನಹೀಂ, ಭಾಯಿ. ಚಲೋ, ಹಟೋ.’ ನಾ ಹುಡುಗಿ ಕಿವ್ಯಾಗ ಕೇಳಿದೆ, ‘ಇಂವ ನಿಮ್ಮಂವ ಏನವಾ?’ ಇಲ್ಲ ಅಂತ ತಲಿ ಅಲ್ಲಾಡಿಸಿದಳು. ಅಷ್ಟರಾಗ ಗೆಳತ್ಯಾರು ಬಿಲ್ಲೆ ಹಿಡಕೊಂಡು ಓಡಿ ಬಂದರು. ಕೂಡೇ ಬಂದಿದ್ರು, ಕೂಡೇ ಹೋದರು.

ಸೇಠನ ಹದಿನೈದು ದಿನ ಮುಗದಾವ. ಬಂದ. ಮೂರನೇ ನಳ ನೋಡಿದ, ಹಲಗಿ ನೋಡಿದ. ‘ಇನ್ನೊಂದು ಹಲಗಿ ಬೇಕೇನು?’ ಅಂದ. ನಾ ಠಾಣೆಗೆ ಹೋಗ್ತೀನಿ ಅಂತ ಹೇಳಿದೆ. ಮುಖಾ ಕರ್ರಗ ಮಾಡಿದ. ‘ನಮ್ಮ ಜಾಗಾದ ಹೆಸರು ಬರತದ ವರ್ಷಾ.’ ‘ಬರ್ಲಿ ಸೇಠ, ನಂದೂ ಬರತದ.’ ಸೋಮವಾರ ರಜಾ ಕೊಟ್ಟಾನ. ಆಮ್ಯಾಲ ಕೆಲಸ ಇರತದೋ ಇಲ್ಲೋ ಗೊತ್ತಿಲ್ಲ. ಇಲ್ಲಂದ್ರ ಬಿಲ್ಲೆ ಆಯೆಷಾನ ಕೈಯಾಗ ಬಿಟ್ಟು ಬರ್ತೀನಿ, ಆಕಿ ನಡಸ್ತಾಳ.

ಸೋಮವಾರ ಸೈಫುದ್ದೀನ್ ಮಾಮಾನ ಗಾಡಿಗೆ ಬರ್ತೀನಿ. ಕಾರಿನ ನಂಬರ ನಂಗ ನೆನಪದ ಅಕ್ಕಾ, ಪೂರಾ. ಸಣ್ಣಾಕಿದ್ದಾಗಿಂದ ಅವ್ವನ ಸ್ಟ್ಯಾಂಡಿನಾಗ ನಂಬರ ಕೂಗಿ ಕೂಗಿ ಬೆಳದಾಕಿ ನಾ, ಒಮ್ಮೆ ನೋಡಿದ್ದು ಮರಿಯಂಗಿಲ್ಲ. ಆ ಖಾಲಿ ಬಿಟ್ಟ ಜಾಗಾದಾಗ ಬರಿ: ವರ್ಷಾ, ತಂದಿ ತುಳಜಾರಾಮ, ಊರು ಘಾಟಬೋರಾಳ. ಕೆಲಸ, ಲೇಡೀಸ್ ವಾಶ್‌ರೂಮ್ ಅಂತನಾ ಬರಿ. ಸುಳ್ಳು ತುಂಬಬ್ಯಾಡ.

ನಿನ್ನೆ ಮಾಮಾನ ಕೈಯಾಗ ಒಂದು ಬಿಲ್ಲೆ ಕಳಸೀನಿ, ಹದಿನೇಳು ನಂಬರಿಂದು. ಅದು ಮಲಿಕಾಗೆ ಕೊಡು. ಅದರ ಜೋಡಿ ಇಲ್ಲಿ ಆಕಿ ಸ್ಯಾಂಡಲ್ಲಿಗೆ ಕಟ್ಟೀನಿ. ತೋರಿಸಿದ್ರನಾ ಕೊಡ್ತೀನಿ ಅಂತ ಹೇಳು. ಬೈಬೇಕಂದ್ರ ಬೈಲಿ. ನಂಗ ಎಲ್ಲಾಕಿಂತ ಮದಲ ಆಕಿಗೆ ಹೆಸರು ಕೇಳೋದದ, ಆವತ್ತು ಕೇಳಲಿಲ್ಲ.

ಇವತ್ತು ಗುರುವಾರ, ಆಕೀನೂ ಕರಕೊಂಡು ಅವ್ವನ ಹತ್ರ ಹೋಗು. ನಾ ಹತ್ತಕ್ಕ ಏಳತೀನಿ, ನಳ ರಿಪೇರಿಯಾಂವ ಹನ್ನೆರಡಕ್ಕ ಬರ್ತಾನ, ನಾಕರತನಾ ಅದ ಗದ್ದಲ. ನಾಕೂವರಿಗೆ ಫೋನ್ ಮಾಡು. ಬರೀಬ್ಯಾಡ, ಮಾಡು. ಫೋನ್ ಮದಲ ಮಲಿಕಾನ ಕೈಯಾಗ ಕೊಡು. ನಾಕೂವರಿ.